ತಂಗಳು ಬ್ರೆಡ್ಡಿಗೆ ಹೂರಣ

ಆಸ್ಟ್ರಿಯಾ ಮತ್ತು ಬವೇರಿಯಾದ ಮನೆಗಳಲ್ಲಿ ‘ಪೊಫೆಸೆನ್’ ಎಂಬ ಸಿಹಿ ಮಾಡುತ್ತಾರೆ. ಬಿಳಿ ಬ್ರೆಡ್ಡಿನ ಎರಡು ಸ್ಲೈಸ್, ನಡುವೆ ಪ್ಲಮ್ ಹಣ್ಣನ್ನು ಕಾಯಿಸಿ ಕಾಯಿಸಿ ಕಪ್ಪಾಗಿಸಿದ ‘ಪೊವಿಡ್ಲ್’. ಜೋಡಿಯನ್ನು ಹಾಲಿನಲ್ಲಿ, ಆಮೇಲೆ ಮೊಟ್ಟೆಯಲ್ಲಿ ಅದ್ದಿ ಬಿಸಿ ಕೊಬ್ಬಿಗೆ ಬಿಡುತ್ತಾರೆ. ಹೊರಬಂದ ಮೇಲೆ ದಾಲ್ಚಿನ್ನಿ ಬೆರೆಸಿದ ಸಕ್ಕರೆ ಉದುರಿಸಿದರೆ ಆಯಿತು. ಭೂಗೋಳದ ಇನ್ನೊಂದು ಮಗ್ಗುಲಿನ ಹಾಂಗ್‌ಕಾಂಗ್‌ನಲ್ಲಿ ‘ಚಾ ಚಾನ್ ಟೆಂಗ್’ ಎಂಬ ಚಹಾದ ಹೋಟೆಲುಗಳಿವೆ. ಅಲ್ಲಿ ಮಧ್ಯಾಹ್ನದ ಚಹಾ ಹೊತ್ತಿಗೆ ಬರುವ ಫ್ರೆಂಚ್ ಟೋಸ್ಟಿನಲ್ಲೂ ಎರಡು ಸ್ಲೈಸ್ ಇರುತ್ತವೆ. ನಡುವೆ ಕಡಲೆಕಾಯಿ ಬೆಣ್ಣೆ, ಮೈತುಂಬ ಮೊಟ್ಟೆ, ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದು. ತಲೆಯ ಮೇಲೊಂದು ಬೆಣ್ಣೆಯ ತುಂಡು, ಅದರ ಮೇಲೆ ಸಕ್ಕರೆ ಪಾಕ ಅಥವಾ ಕಂಡೆನ್ಸ್ಡ್ ಮಿಲ್ಕ್.

ಎರಡೂ ಊರುಗಳ ಚರಿತ್ರೆ ಬೇರೆ, ಹಣ್ಣು-ಕಾಳು ಬೇರೆ, ತಿನ್ನುವ ಹೊತ್ತೂ ಬೇರೆ. ಆದರೆ ಒಳಗೆ ಇಟ್ಟದ್ದನ್ನು ನೋಡಿ. ಪೊವಿಡ್ಲ್ ಆಗಲಿ, ಕಡಲೆಕಾಯಿ ಬೆಣ್ಣೆಯಾಗಲಿ, ಎರಡೂ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೆಡದೆ ಕೂರುವ, ನೀರಿನಂಶ ಹೆಚ್ಚಿಲ್ಲದ ಗಟ್ಟಿ ಪದಾರ್ಥಗಳು. ಹೂರಣ ತುಂಬಿದ ಟೋಸ್ಟಿನ ಕಥೆ ನನಗೆ ಇಲ್ಲೇ ಅಡಗಿದಂತೆ ಕಾಣುತ್ತದೆ. ನಿನ್ನೆಯ ಬ್ರೆಡ್ಡಿಗೆ ಕಪಾಟಿನಲ್ಲಿ ಕಾದಿಟ್ಟ ಸಿಹಿ ಜೊತೆಯಾದಾಗ ಇದು ಹುಟ್ಟಿತು. ಇದನ್ನು ಮರೆತು ತಾಜಾ ಬ್ರೆಡ್ಡು, ತೆಳು ಜಾಮು ಹಿಡಿದು ಒಲೆ ಹಚ್ಚಿದರೆ ಬಾಣಲೆಯಲ್ಲಿ ಉಳಿಯುವುದು ಮುದ್ದೆ.

ಬ್ರೆಡ್ಡನ್ನು ನೆನೆಸಿ ಕರಿಯುವ ಪದ್ಧತಿ ಮಾತ್ರ ತುಂಬ ಹಳೆಯದು. ಅಪಿಸಿಯಸ್ ಹೆಸರಿನಲ್ಲಿ ಬಂದಿರುವ ಲ್ಯಾಟಿನ್ ಪಾಕಗ್ರಂಥ ಸುಮಾರು ಕ್ರಿ.ಶ. 4-5ನೇ ಶತಮಾನದ ಹೊತ್ತಿಗೆ ಈಗಿನ ರೂಪಕ್ಕೆ ಬಂದದ್ದು. ಅದರ ಸಿಹಿತಿಂಡಿಗಳ ಭಾಗದಲ್ಲಿ ಒಂದು ಪುಟ್ಟ ವಿಧಾನವಿದೆ: ಒಳ್ಳೆಯ ಗೋಧಿ ಬ್ರೆಡ್ಡಿನ ಅಂಚು ತೆಗೆದು, ದೊಡ್ಡ ತುಂಡು ಮಾಡಿ, ಹಾಲಿನಲ್ಲಿ ನೆನೆಸಿ, ಎಣ್ಣೆಯಲ್ಲಿ ಕರಿದು, ಜೇನು ಸುರಿದು ಬಡಿಸುವುದು. ಅಲ್ಲಿ ಮೊಟ್ಟೆಯ ಮಾತೇ ಇಲ್ಲ. ಮೊಟ್ಟೆ ಹಾಕದ ಫ್ರೆಂಚ್ ಟೋಸ್ಟ್ ಎಂದರೆ ಏನನ್ನೋ ಬಿಟ್ಟುಕೊಟ್ಟ ತಿಂಡಿ ಎಂದು ಮುಖ ಸಣ್ಣ ಮಾಡುವವರು ಇದನ್ನು ಗಮನಿಸಬೇಕು. ಬರಹದಲ್ಲಿ ನಮಗೆ ಸಿಗುವ ಅತಿ ಹಳೆಯ ರೂಪ ಅದೇ.

ಮೊಟ್ಟೆ ಬಂದದ್ದು ಮಧ್ಯಯುಗದ ಯುರೋಪಿನಲ್ಲಿ. 15ನೇ ಶತಮಾನದ ಇಂಗ್ಲಿಷ್ ಹಸ್ತಪ್ರತಿಗಳಲ್ಲಿ ಬರುವ ವಿಧಾನದಲ್ಲಿ ಬ್ರೆಡ್ಡನ್ನು ಬೆಣ್ಣೆಯಲ್ಲಿ ಹುರಿದು, ಬರೀ ಹಳದಿ ಭಂಡಾರದಲ್ಲಿ ಹೊರಳಿಸಿ, ಮತ್ತೆ ಬೇಯಿಸಿ, ಮೇಲೆ ಸಕ್ಕರೆ ಹಾಕುತ್ತಾರೆ. ಸಕ್ಕರೆ ಆಗ ಸಿರಿವಂತರ ವಸ್ತು. ಹಾಗಾಗಿ ಇದನ್ನು ಬರೀ ಬಡವರ ತಿಂಡಿ ಎನ್ನಲು ಬರುವುದಿಲ್ಲ. 1660ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ರಾಬರ್ಟ್ ಮೇ ಎಂಬ ಬಾಣಸಿಗನ ಪುಸ್ತಕದಲ್ಲಿ ‘ಫ್ರೆಂಚ್ ಟೋಸ್ಟ್’ ಎಂಬ ಹೆಸರೇ ಸಿಗುತ್ತದೆ. ಅವನು ಸುಟ್ಟ ಬ್ರೆಡ್ಡನ್ನು ವೈನಿನಲ್ಲಿ ನೆನೆಸಿ ಸಕ್ಕರೆ, ಕಿತ್ತಳೆ ರಸ ಸೇರಿಸುತ್ತಾನೆ. 1724ರಲ್ಲಿ ಅಮೆರಿಕದ ಆಲ್ಬನಿಯ ಜೋಸೆಫ್ ಫ್ರೆಂಚ್ ಎಂಬ ಛತ್ರದವನು ಇದನ್ನು ಕಂಡುಹಿಡಿದ ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಅರವತ್ತು ವರ್ಷ ಮೊದಲೇ ಹೆಸರು ಅಚ್ಚಾಗಿರುವಾಗ ಆ ಕಥೆಯನ್ನು ಕೈಬಿಡುವುದೇ ಸರಿ.

ತಂಗಳು ಬ್ರೆಡ್ಡೇ ಏಕೆ ಬೇಕು? ಬ್ರೆಡ್ಡು ಗಟ್ಟಿಯಾಗುವುದು ನೀರು ಆರಿಹೋಗಿ ಎಂದು ನಾವೆಲ್ಲ ಭಾವಿಸುತ್ತೇವೆ. 1852ರಲ್ಲೇ ಫ್ರಾನ್ಸಿನ ವಿಜ್ಞಾನಿ ಜಾನ್ ಬ್ಯಾಪ್ಟಿಸ್ಟ್ ಬೂಸಿಂಗೊ, ತೇವ ಹೊರಹೋಗದಂತೆ ಮುಚ್ಚಿಟ್ಟರೂ ಬ್ರೆಡ್ಡು ತಂಗಳಾಗುತ್ತದೆ ಎಂದು ತೋರಿಸಿದ. ಬೇಯುವಾಗ ಸಡಿಲಗೊಂಡ ಪಿಷ್ಟ ತಣ್ಣಗಾಗುತ್ತ ಮತ್ತೆ ಒತ್ತಾಗಿ ಜೋಡಿಸಿಕೊಳ್ಳುತ್ತದೆ. ಫ್ರಿಜ್ಜಿನ ತಂಪಿನಲ್ಲಂತೂ ಈ ಕೆಲಸ ಇನ್ನೂ ಬೇಗ. ಆ ಬಿಗಿಯೇ ನಮಗೆ ಬೇಕಾದ ಬಲ. ತಾಜಾ ಬ್ರೆಡ್ಡು ಹಾಲು ಕಂಡೊಡನೆ ಕುಸಿಯುತ್ತದೆ, ಎರಡು ದಿನದ್ದು ಹಾಲು ಕುಡಿದೂ ಆಕಾರ ಬಿಡುವುದಿಲ್ಲ.

ಇನ್ನು ಒಳಗಿನ ಮಾತು. ಆಸ್ಟ್ರಿಯಾದ ಪೊವಿಡ್ಲ್ ನಮ್ಮ ಅಂಗಡಿಯ ಜಾಮಿನಂತಲ್ಲ. ಸುಗ್ಗಿಯ ಕೊನೆಯಲ್ಲಿ ಚೆನ್ನಾಗಿ ಕಳಿತ ಪ್ಲಮ್ ಹಣ್ಣುಗಳನ್ನು ದೊಡ್ಡ ಪಾತ್ರೆಗೆ ಹಾಕಿ, ಸಾಂಪ್ರದಾಯಿಕ ವಿಧಾನದಲ್ಲಿ ಸಕ್ಕರೆಯನ್ನೂ ಸೇರಿಸದೆ, ಗಂಟೆಗಟ್ಟಲೆ ಕೈಯಾಡಿಸುತ್ತಾರೆ. ಹಣ್ಣಿನದೇ ಸಿಹಿ, ಹಣ್ಣಿನದೇ ಹುಳಿ ಗಟ್ಟಿಯಾಗಿ ಲೇಹ್ಯದ ಹದಕ್ಕೆ ಬಂದ ಮೇಲೆ ಜಾಡಿಗೆ. ಹಿಮದ ತಿಂಗಳುಗಳಲ್ಲಿ ಅದೇ ಹಣ್ಣಿನ ದಾಸ್ತಾನು. ಬಿಸಿ ಕೊಬ್ಬಿನಲ್ಲಿ ಬಿದ್ದರೂ ಅದು ಕುದ್ದು ಹೊರಚಿಮ್ಮುವುದಿಲ್ಲ. ಹಿಂದೆ ಪೊಫೆಸೆನ್ ಒಳಗೆ ಪ್ರಾಣಿಯ ಮಿದುಳನ್ನು ತುಂಬಿ ಸೂಪಿಗೆ ಹಾಕುವ ರೂಢಿಯೂ ಇತ್ತು. ಉಳಿದು ಬೆಳೆದದ್ದು ಸಿಹಿಯದ್ದು.

ಹಾಂಗ್‌ಕಾಂಗ್‌ನ ಟೋಸ್ಟಿಗೆ ಸುಗ್ಗಿಯಿಲ್ಲ, ಹಡಗುಕಟ್ಟೆಯಿದೆ. ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಆ ಬ್ರಿಟಿಷ್ ವಸಾಹತಿನಲ್ಲಿ ಸುಮಾರು 6 ಲಕ್ಷ ಜನರಿದ್ದರು. ಚೀನಾದ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದವರು ಸೇರಿ 1950ರ ದಶಕದ ಆರಂಭಕ್ಕೆ ಅದು 20 ಲಕ್ಷ ದಾಟಿತು. ಕಾರ್ಖಾನೆ, ಬಂದರು, ಕಟ್ಟಡ ಕೆಲಸಗಳಲ್ಲಿ ದುಡಿಯುವ ಈ ಜನರಿಗೆ ಬೇಗ ಸಿಗುವ, ಹೊಟ್ಟೆ ನಿಲ್ಲುವ ಆಹಾರ ಬೇಕಿತ್ತು. ಬಿಳಿಯರ ರೆಸ್ಟೋರೆಂಟುಗಳ ದರ ಅವರ ಕೈಗೆಟುಕುತ್ತಿರಲಿಲ್ಲ. ತಂಪು ಪಾನೀಯ ಮಾರುತ್ತಿದ್ದ ‘ಬಿಂಗ್ ಸಟ್’ ಅಂಗಡಿಗಳು ಮತ್ತು ಅವುಗಳ ಬೆನ್ನಿಗೆ ಬಂದ ಚಾ ಚಾನ್ ಟೆಂಗ್‌ಗಳು ಪಾಶ್ಚಾತ್ಯ ತಿಂಡಿಯನ್ನು ತಮ್ಮ ಒಲೆಗೆ, ತಮ್ಮ ಗಿರಾಕಿಯ ಜೇಬಿಗೆ ಒಗ್ಗಿಸಿಕೊಂಡವು.

ತಾಜಾ ಹಾಲು ಅಲ್ಲಿ ದುಬಾರಿ. ಹಾಗಾಗಿ ಚಹಾಕ್ಕೂ ಟೋಸ್ಟಿಗೂ ಡಬ್ಬಿಯ ಹಾಲು. ಹಾಲನ್ನು ಗಟ್ಟಿಯಾಗಿಸುವ ವಿಧಾನಕ್ಕೆ ಅಮೆರಿಕದ ಗೇಲ್ ಬೋರ್ಡೆನ್ 1856ರಲ್ಲಿ ಪೇಟೆಂಟ್ ಪಡೆದಿದ್ದ. ಹುರಿದ ಕಡಲೆಕಾಯಿಯನ್ನು ಅರೆದು ಮಾಡುವ ಲೇಪಕ್ಕೆ ಕೆನಡಾದ ಮಾರ್ಸೆಲಸ್ ಎಡ್ಸನ್ 1884ರಲ್ಲಿ ಪಡೆದ. ಬ್ರಿಟನ್ನಿನ ಗೋಲ್ಡನ್ ಸಿರಪ್ಪಿನ ಡಬ್ಬಿಯೂ ಬ್ರಿಟಿಷ್ ವಸಾಹತಿನ ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತಿತ್ತು. ಮೂರು ಡಬ್ಬಿಗಳೂ ಒಂದೇ ತಟ್ಟೆಯಲ್ಲಿ ಕೂಡಿಕೊಂಡವು. ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದೂ ಆ ಅಡುಗೆಮನೆಯ ಅನುಕೂಲವೇ: ಬಾಣಲೆ ಸದಾ ಒಲೆಯ ಮೇಲಿರುವ ಕಡೆ ದಪ್ಪ ಟೋಸ್ಟಿನ ಆರೂ ಮುಖ ಒಟ್ಟಿಗೆ ಬೇಯುತ್ತವೆ. ವಿದೇಶಿ ಸರಕುಗಳಿಂದಲೇ ಮಾಡಿದ್ದರೂ ಈ ತಿಂಡಿ ಪೂರ್ತಿ ಹಾಂಗ್‌ಕಾಂಗ್‌ನದ್ದು. ಬೇರೆಲ್ಲೂ ಈ ಡಬ್ಬಿಗಳಿಂದ ಇಂಥದ್ದೊಂದು ರುಚಿ ಕಟ್ಟಿದ್ದನ್ನು ನಾನು ಕಾಣೆ.

ನಮ್ಮ ದಖ್ಖನ್ನಿನಲ್ಲಿ ದಾರಿ ತಿರುಗುಮುರುಗು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿ, ಬೀದರ್, ರಾಯಚೂರಿನ ಮದುವೆಯೂಟಗಳಲ್ಲಿ ‘ಡಬಲ್ ಕಾ ಮೀಠಾ’ ತಿಂದವರಿಗೆ ಇದು ಗೊತ್ತು. ಯುರೋಪಿನವರು ನೆನೆಸಿ ಕರಿದರೆ, ಇಲ್ಲಿ ಮೊದಲು ತುಪ್ಪದಲ್ಲಿ ಕರಿದು ಆಮೇಲೆ ಪಾಕದಲ್ಲಿ, ಹಾಲಿನಲ್ಲಿ ನೆನೆಸುತ್ತಾರೆ. ಕರಿದ ಮೈ ಗಟ್ಟಿಯಾಗಿರುವುದರಿಂದ ಮೊಟ್ಟೆಯ ಹಿಡಿತದ ಅಗತ್ಯವೇ ಬರುವುದಿಲ್ಲ. ಇತ್ತ ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಬಿ.ಬಿ. ಬೇಕರಿಯಿಂದ ಬೆಳೆದ ಅಯ್ಯಂಗಾರ್ ಬೇಕರಿಗಳು ಮೊಟ್ಟೆಯಿಲ್ಲದ ಬ್ರೆಡ್ಡನ್ನು ಮನೆಮನೆಗೆ ಮುಟ್ಟಿಸಿದವು. ತೆಂಗಿನತುರಿ, ಸಕ್ಕರೆ, ಟೂಟಿ ಫ್ರೂಟಿ ತುಂಬಿದ ದಿಲ್‌ಪಸಂದ್ ಅಲ್ಲಿಯ ಗಾಜಿನ ಕಪಾಟಿನ ಕಾಯಂ ಸದಸ್ಯ. ಬೇಕರಿಯ ಮೈಯೊಳಗೆ ಕಾಯಿಯ ಸಿಹಿ ನಮ್ಮ ನಾಲಿಗೆಗೆ ಹೊಸದೇನೂ ಅಲ್ಲ.

ಹಾಗಿದ್ದ ಮೇಲೆ ಮನೆಯಲ್ಲಿ ಮಾಡುವವರು ಹೂರಣಕ್ಕೆಂದು ಕ್ರೀಮ್ ಚೀಸ್ ಹುಡುಕಿ ಅಲೆಯಬೇಕಾಗಿಲ್ಲ. ಒಂದು ಬಟ್ಟಲು ತೆಂಗಿನತುರಿಗೆ ಅರ್ಧ ಬಟ್ಟಲು ಪುಡಿ ಮಾಡಿದ ಅಚ್ಚುಬೆಲ್ಲ, ಒಂದು ಚಮಚ ತುಪ್ಪ, ಏಲಕ್ಕಿ, ಚಿಟಿಕೆ ಉಪ್ಪು. ಸಣ್ಣ ಉರಿಯಲ್ಲಿ ತಳ ಬಿಟ್ಟು ಉಂಡೆಯಾಗುವವರೆಗೆ ಕೈಯಾಡಿಸಿ, ಪೂರ್ತಿ ಆರಿಸಿ. ಬಿಸಿ ಹೂರಣ ಹಚ್ಚಿದರೆ ಅದರ ಹಬೆಗೇ ಬ್ರೆಡ್ಡು ಒಳಗಿನಿಂದ ನೆನೆಯುತ್ತದೆ. ಹೋಳಿಗೆಗೆ ರುಬ್ಬಿದ ಬೇಳೆ ಹೂರಣ ಉಳಿದಿದ್ದರೆ ಅದೂ ಬಹಳ ಚೆನ್ನ. ಬಾಳೆಹಣ್ಣು ಬೇಕೆನ್ನುವವರು ಹಸಿಯಾಗಿ ಇಡಬಾರದು. ಕಿವುಚಿ, ತುಪ್ಪದಲ್ಲಿ ಹಲ್ವದ ಹತ್ತಿರದ ಹದಕ್ಕೆ ತಂದರೆ ಕರಾವಳಿಯ ಪರಿಮಳವೇ ಬರುತ್ತದೆ.

ಎರಡು ಸ್ಲೈಸಿನ ನಡುವೆ ಹೂರಣ ಹರಡುವಾಗ ಸುತ್ತ ಒಂದು ಸೆಂಟಿಮೀಟರ್ ಅಂಚು ಖಾಲಿ ಬಿಡಿ. ಅಲ್ಲಿ ಮೊಟ್ಟೆ-ಹಾಲು ಸವರಿ ಒತ್ತಿದರೆ ಬೇಯುವಾಗ ಅದೇ ಬೆಸುಗೆ. ಎರಡು ಜೋಡಿಗೆ ಎರಡು ಮೊಟ್ಟೆ, ಅರ್ಧ ಬಟ್ಟಲು ಹಾಲು ಸಾಕು. ಹಾಲಿಗೆ ಸಕ್ಕರೆ ಒಂದು ಚಮಚ ಮೀರದಿರಲಿ, ಹೆಚ್ಚಾದರೆ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಅಂಗಡಿಯ ಸಾದಾ ಸ್ಲೈಸಾದರೆ ಪ್ರತಿ ಮಗ್ಗುಲು ಇಪ್ಪತ್ತು ಸೆಕೆಂಡು ನೆನೆದರೆ ಧಾರಾಳ.

ಮೊಟ್ಟೆ ಬೇಡದವರಿಗೆ ಕಸ್ಟರ್ಡ್ ಪೌಡರ್ ಇದೆ. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್, ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಪುಡಿ ಅದು. ಮನೆಯೊಡತಿಯ ಮೇಲಿನ ಅಕ್ಕರೆಯಿಂದ ಹುಟ್ಟಿದ ಈ ಪುಡಿಯನ್ನು ನಮ್ಮ ಸಸ್ಯಾಹಾರಿ ಅಡುಗೆಮನೆಗಳು ಇಷ್ಟು ಪ್ರೀತಿಯಿಂದ ಬಳಸುವುದು ನನಗೆ ತುಂಬ ಇಷ್ಟ. ಮುಕ್ಕಾಲು ಬಟ್ಟಲು ತಣ್ಣನೆ ಹಾಲಿಗೆ ಒಂದೂವರೆ ಚಮಚ ಕಲಸಿ. ಪಿಷ್ಟ ತಳಕ್ಕಿಳಿಯುವುದರಿಂದ ಪ್ರತಿ ಸಲ ಅದ್ದುವ ಮುನ್ನ ಕಲಕಲೇಬೇಕು, ಇಲ್ಲವಾದರೆ ಮೊದಲ ಟೋಸ್ಟಿಗೆ ಬರೀ ಹಾಲು, ಕೊನೆಯದಕ್ಕೆ ಬರೀ ಗಂಜಿ.

ಹುರಿಯಲು ತುಪ್ಪವೇ ವಾಸಿ. ಬೆಣ್ಣೆಯಲ್ಲಿರುವ ಹಾಲಿನ ಅಂಶ ಬೇಗ ಸೀಯುತ್ತದೆ, ತುಪ್ಪದಲ್ಲಿ ಅದನ್ನು ಮೊದಲೇ ಸೋಸಿ ತೆಗೆದಿರುತ್ತೇವೆ. ಮಧ್ಯಮಕ್ಕಿಂತ ಕಡಿಮೆ ಉರಿಯಲ್ಲಿ ಮಗ್ಗುಲಿಗೆ ಮೂರು ನಿಮಿಷ, ಆಮೇಲೆ ಅಂಚುಗಳನ್ನೂ ನಿಲ್ಲಿಸಿ ಒಂದೊಂದು ಕ್ಷಣ. ಅವಸರದ ಉರಿಗೆ ಬಣ್ಣ ಬರುತ್ತದೆ, ನಡುವಿನ ಮೊಟ್ಟೆ ಹಸಿಯಾಗೇ ಉಳಿಯುತ್ತದೆ.

ಬೆಲ್ಲದ ಹೂರಣ ಇಟ್ಟಿದ್ದರೆ ಮೇಲೆ ಮತ್ತೆ ಸಿಹಿ ಬೇಡ. ತಣ್ಣನೆಯ ಗಟ್ಟಿ ಕೆನೆ ಒಂದು ಚಮಚ ಸಾಕು. ಹಾಂಗ್‌ಕಾಂಗ್ ರೀತಿಯಲ್ಲಿ ಕಡಲೆಕಾಯಿ ಬೆಣ್ಣೆ ಇಟ್ಟು ಮಾಡುವುದಾದರೆ, ಉಪ್ಪಿರುವ ಬೆಣ್ಣೆಯ ತುಂಡಿನ ಮೇಲೆ ಗೋಲ್ಡನ್ ಸಿರಪ್ಪಿನ ಬದಲು ಮಲೆನಾಡಿನ ಜೋನಿಬೆಲ್ಲ ಸುರಿಯಿರಿ. ಅದೂ ಕಬ್ಬಿನದೇ ಪಾಕ, ಹೊಗೆಯ ವಾಸನೆಯೂ ಇರುತ್ತದೆ, ಹುರಿದ ಕಡಲೆಕಾಯಿಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಕಂಡಿಲ್ಲ.