ಟ್ರೇಡ್ ಕೇಳೋದು ಹೇಗೆ? ಸಬೋನಿಸ್–ಹ್ಯಾಲಿಬರ್ಟನ್ ಲೆಕ್ಕ

ಎನ್‌ಬಿಎ ಟ್ರೇಡ್ ಡೆಡ್‌ಲೈನ್ ಹತ್ತಿರ ಬಂತೆಂದರೆ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ಜನರಲ್ ಮ್ಯಾನೇಜರ್‌ಗಳೇ. ಪ್ರಸ್ತಾಪಗಳು ಮಾತ್ರ ಸಾಮಾನ್ಯವಾಗಿ ಒಂದೇ ಥರ: ನಮ್ಮ ಬೆಂಚ್ ಮೇಲೆ ಕೂತಿರೋ ಇಬ್ಬರನ್ನು ತಗೊಳ್ಳಿ, ನಿಮ್ಮ ಸ್ಟಾರ್ ಒಬ್ಬನನ್ನು ಕೊಡಿ. ಎದುರಿನ ತಂಡ ಇದಕ್ಕೆ ಯಾಕೆ ಒಪ್ಪಬೇಕು ಅಂತ ಕೇಳಿದರೆ ಉತ್ತರ ಇರಲ್ಲ. ಎರಡೂ ಕಡೆಯವರು ಒಪ್ಪುವಂಥ ಪ್ರಸ್ತಾಪ ಹೇಗಿರುತ್ತೆ ಅಂತ ನೋಡೋಕೆ 2022ರ ಫೆಬ್ರವರಿ 8ರ ಒಂದು ಟ್ರೇಡನ್ನು ಬಿಡಿಸಿ ನೋಡೋಣ. ತಂಡಗಳು ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್. ನಮಗೆ ತೀರಾ ಅಪರಿಚಿತರೇನಲ್ಲ. 2019ರ ಅಕ್ಟೋಬರ್‌ನಲ್ಲಿ ಭಾರತದ ಮೊದಲ ಎನ್‌ಬಿಎ ಪಂದ್ಯಗಳನ್ನು ಮುಂಬೈಗೆ ಬಂದು ಆಡಿದ್ದು ಇವೇ ಎರಡು ತಂಡಗಳು. ಕಿಂಗ್ಸ್ ಮಾಲೀಕ ವಿವೇಕ್ ರಣದಿವೆ ಹುಟ್ಟಿದ್ದೂ ಮುಂಬೈಯಲ್ಲೇ.

ಪೇಸರ್ಸ್‌ಗೆ ಇದ್ದ ಕಷ್ಟ ಏನಂದ್ರೆ, ಒಳ್ಳೆಯ ಸೆಂಟರ್‌ಗಳು ಇಬ್ಬರು. ಡೊಮಾಂಟಾಸ್ ಸಬೋನಿಸ್ ರಿಬೌಂಡ್ ಹಿಡಿಯೋದರಲ್ಲಿ, ಚೆಂಡು ಹಂಚೋದರಲ್ಲಿ ಗಟ್ಟಿಗ, ಎರಡು ಸಲದ ಆಲ್‌ಸ್ಟಾರ್. ಮೈಲ್ಸ್ ಟರ್ನರ್ ಬುಟ್ಟಿಯ ಮುಂದೆ ನಿಂತು ಶಾಟ್ ತಡೆಯುವವನು. ಇಬ್ಬರೂ ಒಳ್ಳೆಯವರೇ ಅಲ್ವಾ, ಜೊತೆಗೇ ಆಡಿಸಿ ಅನ್ನಬಹುದು. ಒಂದು ಸಣ್ಣ ಲೆಕ್ಕ ಮಾಡಿ. ಪಂದ್ಯ 48 ನಿಮಿಷ. ಒಬ್ಬೊಬ್ಬನಿಗೂ 32 ನಿಮಿಷ ಕೊಟ್ಟರೆ ಒಟ್ಟು 64. ಅಂದ್ರೆ ಕನಿಷ್ಠ 16 ನಿಮಿಷ ಇಬ್ಬರೂ ಒಟ್ಟಿಗೆ ಅಂಗಳದಲ್ಲಿರಲೇಬೇಕು. ಆ 16 ನಿಮಿಷದಲ್ಲಿ ಸಬೋನಿಸ್ ತನಗಿಂತ ಚುರುಕಾದ ಫಾರ್ವರ್ಡ್ ಹಿಂದೆ ಹೊರಗಡೆ ಓಡಬೇಕು. ದಾಳಿಯಲ್ಲಿ ಒಳಗೆ ಜಾಗ ಬಿಡೋಕೆ ಟರ್ನರ್ ಮೂರು ಪಾಯಿಂಟ್ ಗೆರೆಯ ಹತ್ತಿರ ನಿಂತು ಕಾಯಬೇಕು. ಇಬ್ಬರ ಬಲವೂ ಅರ್ಧರ್ಧ ವ್ಯರ್ಥ.

ಕಿಂಗ್ಸ್‌ನಲ್ಲಿ ಇದರ ತದ್ವಿರುದ್ಧ. ಚೆಂಡು ಕೈಯಲ್ಲಿದ್ದರೇ ಕಳೆಗಟ್ಟುವ ಗಾರ್ಡ್‌ಗಳು ಜಾಸ್ತಿ: ಡಿಆ್ಯರನ್ ಫಾಕ್ಸ್, ಟೈರೀಸ್ ಹ್ಯಾಲಿಬರ್ಟನ್, ಜೊತೆಗೆ 2021ರ ಡ್ರಾಫ್ಟ್‌ನಲ್ಲಿ ಬಂದ ಡೇವಿಯನ್ ಮಿಚೆಲ್. ಇರೋದು ಒಂದೇ ಚೆಂಡು. 2006ರಿಂದ ಪ್ಲೇಆಫ್ ಮುಖವನ್ನೇ ನೋಡದ ತಂಡ ಅದು.

ಹಾಗಾದರೆ ಸಬೋನಿಸ್ ಕೊಟ್ಟು ಹ್ಯಾಲಿಬರ್ಟನ್ ತಗೊಂಡರೆ ಮುಗೀತಲ್ಲ? ಮುಗಿಯಲ್ಲ, ಸಂಬಳ ಅಡ್ಡ ಬರುತ್ತೆ. ಐಪಿಎಲ್‌ನಲ್ಲಿ ಬರೀ ದುಡ್ಡು ಕೊಟ್ಟು ಆಟಗಾರನನ್ನು ತರಬಹುದು, 2023ರಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್‌ನಿಂದ ಮುಂಬೈಗೆ ಬಂದದ್ದು ಹಾಗೇ. ಎನ್‌ಬಿಎಯಲ್ಲಿ ಸಂಬಳದ ಮಿತಿ ದಾಟಿದ ತಂಡ, ತಾನು ಕಳಿಸುವ ಸಂಬಳಕ್ಕಿಂತ ಒಂದಿಷ್ಟು ಮಾತ್ರ ಹೆಚ್ಚು ಸಂಬಳವನ್ನು ಒಳಗೆ ತರಬಹುದು. ದೊಡ್ಡ ಮೊತ್ತಗಳಿಗೆ ಆಗ ಅದು ಸುಮಾರು ಶೇ 125. ಸಣ್ಣ ಮೊತ್ತಕ್ಕೆ ಸಡಿಲ ಸ್ವಲ್ಪ ಹೆಚ್ಚು. ಸಬೋನಿಸ್ ಸಂಬಳ ಸುಮಾರು 1.85 ಕೋಟಿ ಡಾಲರ್. ಹ್ಯಾಲಿಬರ್ಟನ್ ಇನ್ನೂ ಹೊಸಬರ ಒಪ್ಪಂದದಲ್ಲಿದ್ದ, ಸುಮಾರು 40 ಲಕ್ಷ. ಎಷ್ಟು ಎಳೆದರೂ ಈ ಸಮೀಕರಣ ಕೂಡಲ್ಲ.

ಅದಕ್ಕೇ ಉಳಿದ ಹೆಸರುಗಳು ಬಂದವು. ಕಿಂಗ್ಸ್ ಕಡೆಯಿಂದ ದೊಡ್ಡ ಸಂಬಳದ ಶೂಟರ್ ಬಡ್ಡಿ ಹೀಲ್ಡ್, ಜೊತೆಗೆ ಟ್ರಿಸ್ಟನ್ ಥಾಂಪ್ಸನ್. ಪೇಸರ್ಸ್ ಕಡೆಯಿಂದ ಜಸ್ಟಿನ್ ಹಾಲಿಡೇ, ಜೆರೆಮಿ ಲ್ಯಾಂಬ್, ಒಂದು ಎರಡನೇ ಸುತ್ತಿನ ಪಿಕ್. ಈಗ ಎರಡೂ ಕಡೆ ಸುಮಾರು ಮೂರೂವರೆ ಕೋಟಿ. ಮೂವರಿಗೆ ಮೂವರು ಆದ್ದರಿಂದ ತಂಡಕ್ಕೆ 15 ಜನ ಅನ್ನೋ ಮಿತಿಯೂ ತೊಂದರೆ ಕೊಡಲಿಲ್ಲ. ಪತ್ರಿಕೆಗಳಲ್ಲಿ ಆರು ಹೆಸರು ಓದಿ ತಲೆ ಕೆಡಿಸಿಕೊಳ್ಳುವವರು ಇಷ್ಟು ನೆನಪಿಟ್ಟುಕೊಂಡರೆ ಸಾಕು: ಇಬ್ಬರು ಆಟಕ್ಕೆ, ಉಳಿದವರಲ್ಲಿ ಹೆಚ್ಚಿನವರು ಲೆಕ್ಕ ಹೊಂದಿಸೋಕೆ.

ನಮ್ಮ ಪ್ರಕಾರ ಈ ಪ್ರಸ್ತಾಪದ ಜೀವಾಳ ಇರೋದು ಬೇರೆ ಕಡೆ. ಕಿಂಗ್ಸ್ ಬೇಡದವನನ್ನು ಕೊಡಲಿಲ್ಲ, ಅಭಿಮಾನಿಗಳು ಎದೆಗೆ ಹಚ್ಚಿಕೊಂಡಿದ್ದವನನ್ನು ಕೊಟ್ಟರು. ಬೇಡದವನನ್ನಷ್ಟೇ ಮುಂದಿಟ್ಟಿದ್ದರೆ ಆಲ್‌ಸ್ಟಾರ್ ಸೆಂಟರ್ ಸಿಗುತ್ತಿರಲಿಲ್ಲ. ಆ ದಿನ ಹ್ಯಾಲಿಬರ್ಟನ್‌ಗೆ ಇನ್ನೂ 22 ತುಂಬಿರಲಿಲ್ಲ. ಅಂದ್ರೆ ನಮ್ಮ ಫೈನಲ್ ಇಯರ್‌ನವರ ವಯಸ್ಸು. ಸೀಸನ್ ಮಧ್ಯದಲ್ಲಿ ಒಂದು ಫೋನ್ ಕರೆ ಬರುತ್ತೆ, ಊರೇ ಬದಲು. ಅವನ ಒಪ್ಪಿಗೆ ಯಾರೂ ಕೇಳಬೇಕಿಲ್ಲ. ತನಗೆ ನೋವಾಗಿತ್ತು ಅಂತ ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ಹಾಸ್ಟೆಲ್ ಕಾರಿಡಾರ್‌ನಲ್ಲಿ ನಾವು ಸಲೀಸಾಗಿ ‘ಇವನನ್ನ ಕಳಿಸಿ’ ಅನ್ನುವಾಗ ಈ ಕಡೆಯ ಲೆಕ್ಕ ಯಾರೂ ಹಾಕಲ್ಲ.

ಫಲಿತಾಂಶ? 2022–23ರಲ್ಲಿ ಕಿಂಗ್ಸ್ 48 ಪಂದ್ಯ ಗೆದ್ದು 16 ಸೀಸನ್‌ಗಳ ಬರ ನೀಗಿಸಿಕೊಂಡಿತು. ಸಬೋನಿಸ್ ರಿಬೌಂಡ್‌ನಲ್ಲಿ ಇಡೀ ಲೀಗ್‌ಗೇ ಮೊದಲಿಗ. ಪೇಸರ್ಸ್ ನಿಧಾನಕ್ಕೆ ಎದ್ದು, 2025ರಲ್ಲಿ ಫೈನಲ್ಸ್‌ಗೆ ಹೋಗಿ ಒಕ್ಲಹೋಮ ಸಿಟಿ ಎದುರು ಏಳನೇ ಪಂದ್ಯದಲ್ಲಿ ಸೋತಿತು. ಆ ಪಂದ್ಯದಲ್ಲೇ ಹ್ಯಾಲಿಬರ್ಟನ್‌ನ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಪೇಸರ್ಸ್‌ಗೇ ಲಾಭ ಹೆಚ್ಚು ಅನ್ನೋರು ನಮ್ಮಲ್ಲಿ ಬಹುಮತ. ಆದರೆ 16 ಸೀಸನ್ ಕಾದ ಊರಿಗೆ ಆ ಒಂದು ಪ್ಲೇಆಫ್ ಸರಣಿಯ ಬೆಲೆಯನ್ನು ಹೊರಗಿನವರು ಕಟ್ಟೋದು ಕಷ್ಟ.

ತಮಾಷೆ ನೋಡಿ, ಎರಡೂ ತಂಡ ಯಾರನ್ನು ಉಳಿಸಿಕೊಳ್ಳೋಕೆ ಇಷ್ಟೆಲ್ಲ ಮಾಡಿದ್ದವೋ ಅವರೇ ಆಮೇಲೆ ಹೊರಟುಹೋದರು. ಫಾಕ್ಸ್ 2025ರ ಫೆಬ್ರವರಿಯಲ್ಲಿ ಸ್ಯಾನ್ ಆಂಟೋನಿಯೊಗೆ, ಟರ್ನರ್ ಅದೇ ಬೇಸಿಗೆಯಲ್ಲಿ ಮಿಲ್ವಾಕಿಗೆ. ಒಂದು ಕಾಲಕ್ಕೆ ಇಬ್ಬರು ಸೆಂಟರ್‌ಗಳನ್ನು ಎಲ್ಲಿ ನಿಲ್ಲಿಸೋದು ಅಂತ ತಲೆ ಕೆರೆದುಕೊಂಡಿದ್ದ ಪೇಸರ್ಸ್, ಒಬ್ಬ ಸೆಂಟರ್‌ಗಾಗಿ ಹುಡುಕಾಟ ಶುರುಮಾಡಬೇಕಾಯ್ತು.