ಮಲಗಿದ್ದ ವಂಶವಾಹಿ ಎಚ್ಚೆತ್ತ ಬಗೆ

ತಾಯಿಯ ಗರ್ಭದಲ್ಲಿರುವ ಶಿಶು ತಾನಾಗಿ ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕವೆಲ್ಲ ತಾಯಿಯ ರಕ್ತದಿಂದಲೇ ಬರಬೇಕು. ಆದುದರಿಂದಲೇ ಪ್ರಕೃತಿ ಶಿಶುವಿಗೆ ಬೇರೊಂದು ಬಗೆಯ ಹಿಮೋಗ್ಲೋಬಿನ್ನನ್ನು ಕೊಟ್ಟಿದೆ. ಆಮ್ಲಜನಕದ ಮೇಲೆ ಅದರ ಹಿಡಿತ ಹೆಚ್ಚು. ಹುಟ್ಟಿದ ಕೆಲವು ತಿಂಗಳಲ್ಲಿ ಅದರ ತಯಾರಿಕೆ ಬಹುಮಟ್ಟಿಗೆ ನಿಂತು, ವಯಸ್ಕರ ಹಿಮೋಗ್ಲೋಬಿನ್ ಆ ಸ್ಥಾನವನ್ನು ಪಡೆಯುತ್ತದೆ. ಈ ಬದಲಾವಣೆಗೆ ಅಪ್ಪಣೆ ಎಲ್ಲಿಂದ ಬರುತ್ತದೆ?

ಮನುಷ್ಯನ 11ನೆಯ ವರ್ಣತಂತುವಿನಲ್ಲಿ ಗ್ಲೋಬಿನ್ ತಯಾರಿಸುವ ಐದು ವಂಶವಾಹಿಗಳು ಸಾಲಾಗಿವೆ. ಮೊದಲನೆಯದು ಎಳೆಯ ಭ್ರೂಣಕ್ಕೆ, ನಡುವಣ ಎರಡು ‘ಗಾಮಾ’ಗಳು ಗರ್ಭಸ್ಥ ಶಿಶುವಿಗೆ, ಕೊನೆಯ ಎರಡು ಹುಟ್ಟಿದ ಮೇಲಿನ ಬಾಳಿಗೆ. ಈ ಎರಡರಲ್ಲಿ ‘ಬೀಟಾ’ ಮುಖ್ಯವಾದುದು. ಸೋಜಿಗವೆಂದರೆ, ಸಾಲಿನಲ್ಲಿರುವ ಕ್ರಮದಲ್ಲಿಯೇ ಅವು ಒಂದಾದ ಮೇಲೊಂದು ಕೆಲಸಕ್ಕೆ ತೊಡಗುತ್ತವೆ.

1983ರಲ್ಲಿ ವಿಜ್ಞಾನಿಗಳು ಡಚ್ ರೋಗಿಯೊಬ್ಬರ ಡಿ.ಎನ್.ಎ.ಯನ್ನು ಪರೀಕ್ಷಿಸಿದರು. ಆ ವರ್ಣತಂತುವಿನಲ್ಲಿ ಬೀಟಾ ವಂಶವಾಹಿಗೆ ಯಾವ ಊನವೂ ಇರಲಿಲ್ಲ. ಆದರೂ ಅದು ಮೂಕವಾಗಿತ್ತು. ಅದಕ್ಕಿಂತ ಬಹುದೂರ ಹಿಂದಿದ್ದ ಡಿ.ಎನ್.ಎ. ಭಾಗವೊಂದು ಕಳೆದುಹೋಗಿತ್ತು. ವೀಣೆ ಸರಿಯಾಗಿಯೇ ಇದೆ, ನುಡಿಸುವ ಕೈಯಿಲ್ಲ! 1987ರಲ್ಲಿ ಫ್ರಾಂಕ್ ಗ್ರಾಸ್‌ವೆಲ್ಡ್ ಮತ್ತು ಅವರ ಸಂಗಡಿಗರು ಆ ಭಾಗದ ಮುಖ್ಯಾಂಶಗಳನ್ನು ಮಾನವ ಬೀಟಾ ವಂಶವಾಹಿಗೆ ಜೋಡಿಸಿ ಇಲಿಗಳಲ್ಲಿಟ್ಟಾಗ, ಅದು ಪೂರ್ಣಬಲದಿಂದ ಕೆಲಸಮಾಡಿತು.

ದೂರದ ಈ ನಿಯಂತ್ರಣ ಪ್ರದೇಶ ವಂಶವಾಹಿಯನ್ನು ಮುಟ್ಟುವ ಬಗೆ ಹೇಗೆ? ಡಿ.ಎನ್.ಎ. ದಾರದಂತೆ ಬಾಗಿ ಕುಣಿಕೆಯಾಗುತ್ತದೆ, ದೂರದವು ನೆರೆಯವಾಗುತ್ತವೆ. ಗರ್ಭದಲ್ಲಿ ಅದರ ನಂಟು ಗಾಮಾದೊಡನೆ. ಹುಟ್ಟಿದ ಮೇಲೆ ‘ಬಿ.ಸಿ.ಎಲ್. 11 ಎ’ ಎಂಬ ಪ್ರೋಟೀನು ಗಾಮಾದ ಬಾಯಿ ಕಟ್ಟುವುದರಿಂದ, ನಂಟು ಬೀಟಾದತ್ತ ತಿರುಗುತ್ತದೆ.

ಇದು ಬರಿಯ ಕುತೂಹಲದ ಮಾತಲ್ಲ. ಬೀಟಾದಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೆ ಸಾಕು, ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿ, ಅಸಹನೀಯ ನೋವನ್ನು ತರುತ್ತವೆ. ಇಂಥ ರೋಗವಿದ್ದೂ ಹಸುಗೂಸುಗಳು ಬಾಧೆಪಡದಿರುವುದನ್ನು 1948ರಲ್ಲಿ ಅಮೆರಿಕದ ವೈದ್ಯೆ ಜಾನೆಟ್ ವಾಟ್ಸನ್ ಗುರುತಿಸಿದ್ದರು. ಅವನ್ನು ಕಾಯುತ್ತಿದ್ದುದು ಗರ್ಭಕಾಲದ ಹಿಮೋಗ್ಲೋಬಿನ್. ಹಾಗಾದರೆ ಗಾಮಾವನ್ನು ಮತ್ತೆ ಎಚ್ಚರಿಸಬಾರದೇಕೆ?

ಬಾಯಿ ಕಟ್ಟುವ ಆ ಪ್ರೋಟೀನು ದೇಹದ ಇತರ ಕಡೆಗಳಲ್ಲಿ ಅವಶ್ಯಕ. ಅದನ್ನು ಪೂರಾ ಅಳಿಸುವಂತಿಲ್ಲ. ಆದರೆ ಕೆಂಪು ರಕ್ತಕಣಗಳ ಪೀಳಿಗೆಯಲ್ಲಿ ಮಾತ್ರ ಅದನ್ನು ಪ್ರಚೋದಿಸುವ ಡಿ.ಎನ್.ಎ. ತುಣುಕೊಂದು 2013ರಲ್ಲಿ ಪತ್ತೆಯಾಯಿತು. 2019ರಲ್ಲಿ ಅಮೆರಿಕದ ಮಿಸಿಸಿಪ್ಪಿಯ ವಿಕ್ಟೋರಿಯಾ ಗ್ರೇ ಎಂಬಾಕೆಯ ರಕ್ತೋತ್ಪಾದಕ ಮೂಲಕೋಶಗಳನ್ನು ಹೊರತೆಗೆದು, ಆ ತುಣುಕನ್ನು ಕತ್ತರಿಸಿ, ಮರಳಿ ದೇಹಕ್ಕೆ ಸೇರಿಸಲಾಯಿತು. ಗಾಮಾ ಎಚ್ಚೆತ್ತಿತು, ಆಕೆಯನ್ನು ಬಾಲ್ಯದಿಂದ ಕಾಡಿದ್ದ ನೋವಿನ ಹೊಡೆತಗಳು ನಿಂತವು. 2023ರಲ್ಲಿ ಬ್ರಿಟನ್ನೂ ಅಮೆರಿಕವೂ ಈ ಚಿಕಿತ್ಸೆಗೆ ಸಮ್ಮತಿಯಿತ್ತವು.

ಅಮೆರಿಕದಲ್ಲಿ ಅದಕ್ಕೆ ಗೊತ್ತುಮಾಡಿದ ಬೆಲೆ 22 ಲಕ್ಷ ಡಾಲರು. ಭಾರತದಲ್ಲಿ ಈ ರಕ್ತದೋಷ ಮೊದಲು ಕಂಡುಬಂದುದು 1952ರಲ್ಲಿ, ನೀಲಗಿರಿಯ ಗುಡ್ಡಗಾಡಿನ ಜನರಲ್ಲಿ. ಮಲಗಿದ್ದ ವಂಶವಾಹಿಯನ್ನು ಎಚ್ಚರಿಸುವ ವಿದ್ಯೆ ಮನುಷ್ಯನಿಗೆ ಕೈಗೂಡಿದೆ. ಅದನ್ನು ಬಡವನ ಗುಡಿಸಲಿಗೆ ಮುಟ್ಟಿಸುವ ವಿದ್ಯೆ ಇನ್ನು ಕೈಗೂಡಬೇಕು.