ಮಣ್ಣೆತ್ತು ಹುಟ್ಟುವ ಮನೆ

ಕಾರಹುಣ್ಣಿಮೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಕುಂಬಾರರ ಮನೆಗಳಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಪಡಸಾಲೆ, ಅಟ್ಟ, ಬಾಗಿಲ ಸಂದಿ, ಎಲ್ಲೆಲ್ಲೂ ಎತ್ತುಗಳೇ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮನೆಗೊಂದು ಜೋಡಿ ಎತ್ತು, ಅವುಗಳ ಮುಂದಿಡಲು ಗ್ವಾದಲಿ, ಅಂದರೆ ಮೇವಿನ ತೊಟ್ಟಿ, ಬೇಕು. ಅದು ಮುಗಿಯುತ್ತಲೇ ಆಷಾಢದ ಮಂಗಳವಾರಗಳ ಗುಳ್ಳವ್ವ, ಶ್ರಾವಣದ ನಾಗಪ್ಪ, ಭಾದ್ರಪದದ ಗಣಪ್ಪ. ಗಣಪ್ಪನ ಬೆನ್ನಿಗೇ ಜೋಕುಮಾರ. ಅವನು ಹುಟ್ಟುವುದೇ ಕುಂಬಾರರ ಮನೆಯಲ್ಲಿ. ಅಲ್ಲಿಂದ ಬುಟ್ಟಿಯೇರಿ, ಬೇವಿನ ಸೊಪ್ಪಿನ ನಡುವೆ ಕೂತು, ಬಾಯಿಗೆ ಬೆಣ್ಣೆ ಹಚ್ಚಿಸಿಕೊಂಡು, ಹೆಣ್ಣುಮಕ್ಕಳ ತಲೆಯ ಮೇಲೆ ಊರು ತಿರುಗುತ್ತಾನೆ.

ಗಡಿಗೆಯ ಕಸುಬಿನ ಕತೆ ಬೇರೆ. ಕೆರೆಯ ಮಣ್ಣು ತಂದು, ಹರಳು ಆರಿಸಿ, ನೆನೆಹಾಕಿ, ಬೂದಿ-ಲದ್ದಿ ಬೆರೆಸಿ ತುಳಿಯಬೇಕು. ತಿಗರಿಯ ಮೇಲೆ ಆಗುವುದು ಬಾಯಿ ಮತ್ತು ಕೊರಳು ಮಾತ್ರ. ಹೊಟ್ಟೆ ಮೂಡುವುದು ಬಡಿತದಲ್ಲಿ. ಒಳಗೆ ಕಲ್ಲಿನ ಗುಂಡು ಹಿಡಿದು ಹೊರಗಿಂದ ಮರದ ಹಲಗೆಯಲ್ಲಿ ತಟ್ಟುತ್ತ ತಟ್ಟುತ್ತ ಗೋಡೆ ತೆಳುವಾಗಿಸಬೇಕು. ಆಮೇಲೆ ಆವಿಗೆ, ಸೌದೆ, ಹೊಗೆ. ಇಷ್ಟು ದುಡಿದು ಮಾಡಿದ ಹರವಿಯ ಜಾಗಕ್ಕೆ ಸ್ಟೀಲು, ಪ್ಲಾಸ್ಟಿಕ್ಕು, ಫ್ರಿಜ್ಜು ಬಂದು ಕೂತವು. ಸುಗ್ಗಿಯಲ್ಲಿ ಕಣದಿಂದ ಬರುತ್ತಿದ್ದ ಆಯದ ಕಾಳೂ ನಿಂತಿತು. ಮದುವೆಯ ಐರಾಣಿ ಗಡಿಗೆಗೆ ಮಾತ್ರ ಇಂದಿಗೂ ಕುಂಬಾರರ ಮನೆಗೇ ಹೋಗಬೇಕು.

ತಿಗರಿ ನಿಂತ ಮನೆಯಲ್ಲೂ ಎತ್ತು ಹುಟ್ಟುತ್ತಿರುವುದು ಯಾಕೆ? ಎತ್ತಿಗೆ ತಿಗರಿಯೂ ಬೇಡ, ಆವಿಗೆಯೂ ಬೇಡ. ಅದು ಹಸಿಮಣ್ಣಿನ ಕೆಲಸ, ಬೆರಳಿನ ಕೆಲಸ. ತಿಗರಿ ಸಾಮಾನ್ಯವಾಗಿ ಗಂಡಸರ ಕೈಯಲ್ಲಿತ್ತು. ಈ ಕೆಲಸಕ್ಕೆ ಅಜ್ಜಿ, ಸೊಸೆ, ಶಾಲೆಯಿಂದ ಬಂದ ಮೊಮ್ಮಗಳು ಎಲ್ಲರೂ ಕೂಡುತ್ತಾರೆ. ಒಬ್ಬರು ಮೈ ಮಾಡಿದರೆ ಇನ್ನೊಬ್ಬರು ಕೋಡು, ಮತ್ತೊಬ್ಬರು ಇಣಿ. ಕುಂಬಾರಿಕೆಯ ಹೆಸರು ಗಂಡಸರಿಗೆ ಹೋಯಿತು. ಆ ಕಸುಬನ್ನು ಈಗ ಉಳಿಸಿಕೊಂಡಿರುವುದು ಬಹುಮಟ್ಟಿಗೆ ಈ ಹೆಣ್ಣುಮಕ್ಕಳ ಬೆರಳುಗಳೇ ಎಂದು ನಾನು ನಂಬುತ್ತೇನೆ. ಬುಟ್ಟಿ ಹೊತ್ತು ಓಣಿ ಓಣಿ ತಿರುಗಿ ಮಾರುವವರೂ ಹೆಚ್ಚಾಗಿ ಅವರೇ. ಅಂಥವರ ಹತ್ತಿರ ಜೋಡೆತ್ತಿನ ದರಕ್ಕೆ ಚೌಕಾಸಿ ಮಾಡುವುದನ್ನು ಕಂಡರೆ ಸಂಕಟವಾಗುತ್ತದೆ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಸಿಗುತ್ತದೆ. ಗಡಿಗೆ ಮಾಡುವವರಿಗೆ ಅದು ಒಳ್ಳೆಯದೇ. ಎತ್ತು ಮಾಡುವವರ ಕೊರತೆ ಬೇರೆ. ಅವರಿಗೆ ಬೇಕಾದದ್ದು ಮಣ್ಣು ಮತ್ತು ಒಣ ಜಾಗ. ಊರು ಬೆಳೆದಂತೆ ಮಣ್ಣು ತೆಗೆಯುತ್ತಿದ್ದ ಕೆರೆಯಂಗಳ, ಹೊಲದ ಬದು ಕೈತಪ್ಪುತ್ತಿವೆ. ಅಮಾವಾಸ್ಯೆ ಬರುವುದೂ ಧಾರವಾಡದ ಜಿಟಿಜಿಟಿ ಮಳೆಯ ಹೊತ್ತಿಗೇ. ನೆರಳಲ್ಲಿ ನಿಧಾನ ಆರದಿದ್ದರೆ ಎತ್ತಿನ ಕಾಲು ಬಿರಿಯುತ್ತದೆ, ಮಳೆ ಹನಿ ಬಿದ್ದರಂತೂ ವಾರದ ದುಡಿಮೆ ಮತ್ತೆ ಕೆಸರು. ಕೆರೆಯ ಹೂಳೆತ್ತುವಾಗ ಒಂದೆರಡು ಟ್ರ್ಯಾಕ್ಟರ್ ಒಳ್ಳೆಯ ಮಣ್ಣನ್ನು ಕುಂಬಾರ ಓಣಿಗೆ ಇಳಿಸಲಿ. ಮಳೆಗಾಲದ ಆ ಮೂರ್ನಾಲ್ಕು ತಿಂಗಳು ಓಣಿಯ ಹತ್ತಿರವೇ ಒಂದು ಸಮುದಾಯ ಭವನದ ಮೂಲೆಯನ್ನು ಅವರಿಗೆ ಬಿಟ್ಟುಕೊಡಲಿ. ಮಹಾನಗರ ಪಾಲಿಕೆ ಮನಸ್ಸು ಮಾಡಿದರೆ ಬರುವ ಕಾರಹುಣ್ಣಿಮೆಯೊಳಗೇ ಆಗುವ ಕೆಲಸವಿದು.